ರಕ್ಷೆಯ ಋಣ

ಒಬ್ಬನು ಮಾಡಿದ ಕರ್ಮದ ಫಲ ಮತ್ತೊಬ್ಬನಿಗೆ ಸಲ್ಲುವುದುಂಟೆ ಎಂಬ ಪ್ರಶ್ನೆ ನಮ್ಮ ನಾಡಿನ ತತ್ತ್ವವಿಚಾರದಲ್ಲಿ ಬಹು ಪುರಾತನವಾದದ್ದು. ಜೀವನು ತಾನು ಕಟ್ಟಿಕೊಂಡ ಕರ್ಮವನ್ನು ತಾನೊಬ್ಬನೇ ಸವೆಯಿಸಬೇಕು, ಅದರಲ್ಲಿ ತಾಯಿಗೂ ಪಾಲಿಲ್ಲ, ಮಗನಿಗೂ ಪಾಲಿಲ್ಲ ಎಂದು ಜೈನಾಚಾರ್ಯರು ಕಠಿನವಾಗಿ ಹೇಳಿದರು. ಯಜ್ಞದ ಫಲವು ಅದನ್ನು ಸಂಕಲ್ಪಿಸಿ ನಡೆಯಿಸಿದವನಿಗೇ ಹೊರತು ಬಂದು ನೋಡಿದವನಿಗಲ್ಲ ಎಂಬುದು ಮೀಮಾಂಸಕರ ಸಿದ್ಧಾಂತ. ಆದರೆ ಇದೇ ನಾಡಿನಲ್ಲಿ, ಮಗನು ಇಟ್ಟ ಪಿಂಡದಿಂದ ಪಿತೃಗಳು ತೃಪ್ತರಾಗುವರೆಂದು ನಂಬಿದವರೂ, ತಾವು ಗಳಿಸಿದ ಪುಣ್ಯವನ್ನು ಸಕಲ ಜೀವಿಗಳಿಗೂ ಧಾರೆಯೆರೆದ ಬೌದ್ಧರೂ, ಕಾಯಕದಿಂದ ಬಂದುದು ಕಾಯಕ ಮಾಡಿದವನೊಬ್ಬನ ಸ್ವತ್ತಲ್ಲ, ದಾಸೋಹಕ್ಕೆ ಸಲ್ಲತಕ್ಕದ್ದು ಎಂದ ಶರಣರೂ ಬಾಳಿದರು. ಈ ವಿವಾದವನ್ನು ಗ್ರಂಥಗಳಲ್ಲಿ ಮಾತ್ರ ಓದುವವರಿಗೆ ಅದು ಪರಲೋಕದ ಲೆಕ್ಕವಾಗಿ ತೋರಬಹುದು. ನನಗಾದರೋ ಅದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕುರಿರೊಪ್ಪಗಳಿಗೂ ಬೆಂಗಳೂರಿನ ಪ್ರಯೋಗಶಾಲೆಗಳಿಗೂ ನಡುವೆ, ಈ ಲೋಕದಲ್ಲಿಯೇ, ದಿನದಿನವೂ ಏಳುತ್ತಿರುವ ಪ್ರಶ್ನೆಯಾಗಿ ಕಾಣುತ್ತದೆ.

ಈ ನಾಲ್ಕು ತಾಲ್ಲೂಕುಗಳ ನೆಲ ಉದಾರವಾದದ್ದಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟ, ಪಾವಗಡದ ನಿಡುಗಲ್ಲು, ಕೊರಟಗೆರೆಯ ಸಿದ್ಧರಬೆಟ್ಟ ಇವು ಕಣ್ಣಿಗೆ ಎಷ್ಟು ಭವ್ಯವೋ, ಅವುಗಳ ಅಡಿಯ ಹೊಲಗಳು ಮುಗಿಲಿಗೆ ಅಷ್ಟೇ ದೀನವಾಗಿ ಮುಖವೆತ್ತಿ ನಿಂತಿರುವಂಥವು. ಜಯಮಂಗಲಿ, ಸುವರ್ಣಮುಖಿಗಳು ವರ್ಷದ ಬಹುಭಾಗ ಮರಳಿನ ಹೊಳೆಗಳು. ಕಡಲೆಕಾಯಿ ಕೈಕೊಟ್ಟ ವರ್ಷದಲ್ಲಿ ಮನೆಯನ್ನು ಎತ್ತಿ ನಿಲ್ಲಿಸುವುದು ಕುರಿ. ಮಗಳ ಮದುವೆಗೆ, ಮಗನ ಕಾಲೇಜಿನ ಶುಲ್ಕಕ್ಕೆ, ಕೊಳವೆಬಾವಿಯ ಸಾಲಕ್ಕೆ ಸಂತೆಗೆ ಹೊಡೆದುಕೊಂಡು ಹೋಗುವುದು ಕುರಿಯನ್ನೇ. ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನು ದೈವವಾಗಿರುವುದು ಅವನು ಪಶುಗಳನ್ನು ಕಾದವನೆಂಬ ಕಾರಣಕ್ಕಾಗಿ. ಪಶುವನ್ನು ಕಾಯುವುದಕ್ಕಿಂತ ಹಿರಿದಾದ ಧರ್ಮವನ್ನು ಆ ಜನ ಕಲ್ಪಿಸಿಕೊಂಡಂತಿಲ್ಲ, ಕಲ್ಪಿಸಿಕೊಳ್ಳಬೇಕಾಗಿಯೂ ಇಲ್ಲ. ಇಂಥ ನೆಲದಲ್ಲಿ ಬೇನೆಯೆಂಬುದು ಬರಕ್ಕಿಂತ ಭೀಕರವಾದದ್ದು. ಬರವು ಮೆಲ್ಲನೆ ಕೊಲ್ಲುವುದು. ಬೇನೆಯು ಎರಡು ವಾರದಲ್ಲಿ ರೊಪ್ಪವನ್ನು ಬರಿದುಮಾಡುವುದು. ದನಗಳಿಗೆ ದೊಡ್ಡರೋಗ, ಚಪ್ಪೆರೋಗ, ಗಳಲೆ, ಕಾಲುಬಾಯಿ ಜ್ವರ. ಕುರಿಗಳಿಗೆ ಕರುಳುಬೇನೆ, ನೆರಡಿ, ನೀಲಿನಾಲಿಗೆ, ಸಿಡುಬು, ಹಿರೇಬೇನೆ. ಈ ಹೆಸರುಗಳನ್ನು ಪಶುವೈದ್ಯರು ಹಟ್ಟಿಗೆ ಕಲಿಸಿದ್ದಕ್ಕಿಂತ ಹಟ್ಟಿಯವರು ಪಶುವೈದ್ಯರಿಗೆ ಕಲಿಸಿದ್ದೇ ಹೆಚ್ಚು.

ಬೇನೆ ಬಂದಾಗ ನಮ್ಮ ಹಿರಿಯರು ಮಾಡುತ್ತಿದ್ದುದೇನು? ಮಾರಮ್ಮನಲ್ಲಿ ಮೊರೆಹೊಕ್ಕರು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಸುತ್ತಣ ತಾಲ್ಲೂಕುಗಳ ಜನವೆಲ್ಲ ಇಂದಿಗೂ ಕೂಡುವುದರ ಹಿಂದೆ ಆ ಮೊರೆಯ ನೆನಪಿದೆ. ಅದರಲ್ಲಿ ಭಯವಿತ್ತು, ಭಕ್ತಿಯಿತ್ತು, ತಮ್ಮ ಶಕ್ತಿಗೆ ಮೀರಿದುದರ ಮುಂದೆ ತಲೆಬಾಗುವ ವಿನಯವಿತ್ತು. ಇವುಗಳನ್ನು ಲಘುವಾಗಿ ಕಾಣುವವನು ಮನುಷ್ಯನ ಸಂಕಟವನ್ನು ಅರಿಯದವನು. ಆದರೆ ಬಯಲುಸೀಮೆಯ ಹಲವೆಡೆ ರೂಢಿಯಲ್ಲಿದ್ದ ಇನ್ನೊಂದು ಆಚರಣೆಯನ್ನೂ ಇಲ್ಲಿ ನೆನೆಯಬೇಕಾಗಿದೆ. ಬೇನೆಯ ರೂಪದ ಮಾರಿಯನ್ನು ಪೂಜಿಸಿ, ಬಲಿಯಿಟ್ಟು, ಊರ ಗಡಿಯ ತನಕ ಸಾಗಿಸಿ, ಆಚೆಯ ಊರಿನ ಎಲ್ಲೆಯಲ್ಲಿ ಬಿಟ್ಟು ಹಿಂದಿರುಗಿ ನೋಡದೆ ಬರುವುದು ಆ ಆಚರಣೆ. ಆಚೆಯ ಊರಿನವರೂ ತಮ್ಮ ಸರದಿ ಬಂದಾಗ ಹಾಗೆಯೇ ಅದಕ್ಕಾಚೆಯ ಗಡಿಗೆ ಸಾಗಿಸುವರು. ರಕ್ಷೆಯೆಂದರೆ ಕೇಡು ನಮ್ಮ ಗಡಿಯಿಂದಾಚೆ ಹೋಗುವುದು ಎಂಬ ಭಾವನೆ ಇದರ ಮೂಲದಲ್ಲಿದೆ. ಬೇರೆ ಉಪಾಯವೇ ಕಾಣದಿದ್ದ ಕಾಲದಲ್ಲಿ ಅದು ಸ್ವಾಭಾವಿಕವಾದ ಭಾವನೆ. ಧರ್ಮದೃಷ್ಟಿಗೆ ಅದು ತೃಪ್ತಿಕರವಲ್ಲವೆಂಬುದನ್ನು ಹೇಳದೆ ವಿಧಿಯಿಲ್ಲ. ಏಕೆಂದರೆ ಆಚೆಯ ಊರಿನ ಕುರಿಯೂ ಕುರಿಯೇ, ಆಚೆಯ ಊರಿನ ತಾಯಿಯೂ ತಾಯಿಯೇ.

1925ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಉದ್ದೇಶ ಮುಖ್ಯವಾಗಿ ದನಗಳ ದೊಡ್ಡರೋಗವನ್ನು ತಡೆಯುವುದು. ದೊಡ್ಡರೋಗ ಬಂದು ಬದುಕುಳಿದ ಎತ್ತಿಗೆ ಅದು ಮತ್ತೆ ಬರುವುದಿಲ್ಲವೆಂಬುದನ್ನು ದನಗಾಹಿಗಳು ಎಂದಿನಿಂದಲೋ ಬಲ್ಲವರಾಗಿದ್ದರು. ಆ ಎತ್ತಿನ ರಕ್ತದಲ್ಲಿ ಉಂಟಾದ ರಕ್ಷಕ ಗುಣವನ್ನು ಇನ್ನೊಂದು ದನದ ಮೈಗೆ ದಾಟಿಸಬಹುದೆಂಬುದನ್ನು ಕಂಡುಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವಿಜ್ಞಾನ. ಗುಣವಾದ ಪಶುವಿಗೆ ಮತ್ತೆ ರೋಗಿ ಪಶುವಿನ ರಕ್ತವನ್ನು ಚುಚ್ಚಿ, ಅದರ ಮೈಯಲ್ಲಿ ಪ್ರತಿರೋಧ ಬಲಿಯುವಂತೆ ಮಾಡಿ, ಅನಂತರ ಅದರ ರಕ್ತವನ್ನು ತೆಗೆದು, ಕೆಂಪು ಭಾಗ ತಳದಲ್ಲಿ ನಿಂತ ಮೇಲೆ ಮೇಲಣ ತಿಳಿಯನ್ನು ಶೇಖರಿಸುವುದು. ಆ ತಿಳಿಯೇ ಸೀರಂ. ಅದನ್ನು ಮಾತ್ರ ಚುಚ್ಚಿದರೆ ಕೆಲವು ದಿನಗಳ ರಕ್ಷೆ. ಅದರೊಡನೆ ರೋಗದ ರಕ್ತವನ್ನೂ ಚುಚ್ಚಿದರೆ ಬಹುಕಾಲದ ರಕ್ಷೆ. ಈ ಕೆಲಸವನ್ನು ಯಾವ ಒಂದು ಊರೂ ತನಗಾಗಿ ಮಾಡಿಕೊಳ್ಳಲಾರದು. ಅದಕ್ಕೆ ಬೇಕಾದ ಕೊಟ್ಟಿಗೆಗಳನ್ನೂ, ಶುಚಿಯಾದ ಕೋಣೆಗಳನ್ನೂ, ತಣ್ಣನೆಯ ಉಗ್ರಾಣವನ್ನೂ, ಬಲ್ಲವರ ಕೈಗಳನ್ನೂ ಸಂಸ್ಥಾನವೆಲ್ಲ ಸೇರಿ ಒಂದೆಡೆ ಕಟ್ಟಬೇಕಾಯಿತು. ಮಾರಿಯನ್ನು ಗಡಿಯಿಂದಾಚೆಗೆ ಸಾಗಿಸುವುದಕ್ಕೆ ಬದಲಾಗಿ ರಕ್ಷೆಯನ್ನು ಗಡಿಯಿಂದಾಚೆಗೆ ಸಾಗಿಸುವ ವ್ಯವಸ್ಥೆಯೊಂದು ನಮ್ಮ ನಾಡಿನಲ್ಲಿ ಹೀಗೆ ಆರಂಭವಾಯಿತು. ನಮ್ಮ ಧಾರ್ಮಿಕ ಇತಿಹಾಸವನ್ನು ಬರೆಯುವವರು ಮಠಮಂದಿರಗಳ ಪಕ್ಕದಲ್ಲಿ ಇದಕ್ಕೂ ಒಂದು ಅಧ್ಯಾಯವನ್ನು ಕೊಡಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಆ ವ್ಯವಸ್ಥೆಯ ಫಲವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1954ರಲ್ಲಿ ಭಾರತ ಸರ್ಕಾರವು ದೊಡ್ಡರೋಗವನ್ನು ದೇಶದಿಂದ ನಿರ್ಮೂಲಮಾಡುವ ಕಾರ್ಯಕ್ರಮವನ್ನು ಕೈಗೊಂಡಿತು. 1995ರ ಅನಂತರ ನಮ್ಮ ದೇಶದಲ್ಲಿ ಅದು ಕಾಣಿಸಿಕೊಂಡಿಲ್ಲ. 2011ರಲ್ಲಿ ಅದು ಭೂಮಂಡಲದಿಂದಲೇ ಅಳಿಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ಅನಂತರ ಹೀಗೆ ಸಂಪೂರ್ಣವಾಗಿ ಅಳಿದ ರೋಗ ಇದೊಂದೇ. ಇಂದು ಪಾವಗಡದ ಹಟ್ಟಿಯಲ್ಲಿ ಇಪ್ಪತ್ತು ವಯಸ್ಸಿನ ಹುಡುಗನಿಗೆ ದೊಡ್ಡರೋಗವೆಂದರೇನೆಂದು ತಿಳಿಯದು.

ಈ ಫಲ ಹಿಂಸೆಯಿಲ್ಲದೆ ಬಂದುದಲ್ಲ. ಸೀರಂಗಾಗಿ ಎತ್ತುಕೋಣಗಳ ನೆತ್ತರನ್ನು ಮತ್ತೆಮತ್ತೆ ತೆಗೆದರು. 1920ರ ದಶಕದ ಉತ್ತರಾರ್ಧದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ದೊಡ್ಡರೋಗದ ವಿಷಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋಗಿ, ಅದು ದನಗಳ ಮಟ್ಟಿಗೆ ಸೌಮ್ಯವಾಗುವಂತೆ ಮಾಡಿದ ಮೇಲೆ, ಆಡುಗಳಿಗೆ ಅದನ್ನು ಹತ್ತಿಸಿ, ಅವುಗಳನ್ನು ಕೊಂದು, ಗುಲ್ಮವನ್ನು ತೆಗೆದು ಒಣಗಿಸಿ ಲಸಿಕೆ ಮಾಡುವ ಕ್ರಮ ದೇಶದಲ್ಲೆಲ್ಲ ಬಳಕೆಗೆ ಬಂದಿತು. ಮಾರಮ್ಮನ ಮುಂದೆ ಕಡಿದ ಆಡಿಗೂ ಪ್ರಯೋಗಶಾಲೆಯ ಮೇಜಿನ ಮೇಲೆ ಸತ್ತ ಆಡಿಗೂ ಪ್ರಾಣ ಒಂದೇ, ನೋವು ಒಂದೇ. ಎರಡನೆಯದರಿಂದ ದನಗಳು ನಿಜವಾಗಿ ಬದುಕಿದವೆಂಬ ಭೇದ ಬಲು ದೊಡ್ಡದು. ಅದನ್ನು ನಾನು ಮರೆಸುವವನಲ್ಲ. ಆದರೆ ಬದುಕಿದ ದನದ ದೃಷ್ಟಿಯಿಂದ ದೊಡ್ಡದಾದ ಈ ಭೇದ ಸತ್ತ ಆಡಿನ ದೃಷ್ಟಿಯಿಂದ ಏನು?

ಈ ಪ್ರಶ್ನೆಯೂ ಹೊಸದಲ್ಲ. ವೇದವು ವಿಧಿಸಿದ ಪಶುವಧೆಯಲ್ಲಿ ಪಾಪವಿಲ್ಲವೆಂದು ಮೀಮಾಂಸಕರು ಸಾಧಿಸುವಾಗ, ಸಾಂಖ್ಯರು ಅದಕ್ಕೆ ಒಪ್ಪಲಿಲ್ಲ. ಯಜ್ಞದಿಂದ ಸ್ವರ್ಗ ಬರುವುದು ನಿಜವಾದರೂ ಅದರೊಳಗಿನ ಹಿಂಸೆಯ ಅಶುದ್ಧಿ ಆ ಸ್ವರ್ಗಕ್ಕೂ ಅಂಟಿಕೊಂಡೇ ಬರುವುದೆಂದು ಅವರು ಹೇಳಿದರು. ಜೈನರು ಇನ್ನೂ ಮುಂದೆ ಹೋಗಿ ಹಿಂಸೆಯ ಮಾರ್ಗವನ್ನೇ ನಿಷೇಧಿಸಿದರು. ಮಧುಗಿರಿಯ ಮಲ್ಲಿನಾಥನ ಬಸದಿಯ ಮುಂದೆ ನಿಂತಾಗ, ಕಾವಲು ಗೋಡೆಗಳಿಂದಲೂ ಕೊಳ್ಳೆಯ ಕಥೆಗಳಿಂದಲೂ ತುಂಬಿದ ಈ ದುರ್ಗದ ಮಗ್ಗುಲಲ್ಲಿಯೇ ಒಂದು ಇರುವೆಯನ್ನೂ ನೋಯಿಸಬಾರದೆಂಬ ವ್ರತ ಹಿಡಿದವರು ಬಾಳಿದರಲ್ಲವೆ ಎಂದು ಮನಸ್ಸು ತಡೆದು ನಿಲ್ಲುವುದು. ಫಲವು ಎಷ್ಟೇ ದೊಡ್ಡದಾಗಲಿ ಅದು ಹಿಂಸೆಯನ್ನು ಅಹಿಂಸೆಯನ್ನಾಗಿ ಮಾರ್ಪಡಿಸಲಾರದು ಎಂಬ ಸಾಂಖ್ಯರ ಮಾತು ನನಗೆ ನ್ಯಾಯವಾಗಿ ಕಾಣುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಮುಂದಿನ ದಾರಿ ಮುಚ್ಚಿಹೋಗುವುದು; ರೊಪ್ಪದಲ್ಲಿ ಬಾಯಿ ಹುಣ್ಣಾಗಿ, ಮೂಗು ಸೋರಿ, ಭೇದಿಯಿಂದ ಬಳಲಿ ಸಾಯುತ್ತಿರುವ ನೂರು ಕುರಿಗಳನ್ನು ಕೈಕಟ್ಟಿ ನೋಡುವುದೂ ಹಿಂಸೆಯೇ ಆಗಿರುವುದರಿಂದ. ಎರಡು ಕಡೆಯೂ ಹಿಂಸೆಯಿರುವಲ್ಲಿ ಮನುಷ್ಯನು ಕಡಿಮೆಯದನ್ನು ಆರಿಸಿಕೊಳ್ಳುತ್ತಾನೆ. ಆರಿಸಿಕೊಂಡುದರಿಂದ ಅವನು ಮುಕ್ತನಾಗುವುದಿಲ್ಲ, ಋಣಿಯಾಗುತ್ತಾನೆ. ಪಾಪಪುಣ್ಯಗಳ ಭಾಷೆಗಿಂತ ಋಣದ ಭಾಷೆ ಇಲ್ಲಿ ಹೆಚ್ಚು ಸತ್ಯವಾದದ್ದು. ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿದ ನಮ್ಮ ಶಾಸ್ತ್ರಕಾರರು ದಿನನಿತ್ಯದ ಪಂಚಯಜ್ಞಗಳಲ್ಲಿ ಭೂತಯಜ್ಞವನ್ನೂ ಸೇರಿಸಿ, ಉಣ್ಣುವುದಕ್ಕೆ ಮುಂಚೆ ಪಶುಪಕ್ಷಿಕ್ರಿಮಿಗಳಿಗೆ ಸಲ್ಲಬೇಕಾದುದುಂಟೆಂದು ವಿಧಿಸಿದುದನ್ನು ಇಲ್ಲಿ ಸ್ಮರಿಸಬಹುದು.

ಹಿಂಸೆಯನ್ನು ಕಡಿಮೆಮಾಡುವ ಪ್ರಯತ್ನ ನಮ್ಮ ಪರಂಪರೆಯಲ್ಲಿ ಎರಡು ವಿಧದಲ್ಲಿ ನಡೆದಿದೆ. ಮಧ್ವಾಚಾರ್ಯರು ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಹಿಟ್ಟಿನಿಂದ ಮಾಡಿದ ಪಶುವನ್ನು ಪ್ರತಿಷ್ಠಿಸಿದರು. ಕರ್ಮ ಲೋಪವಾಗದೆ, ಪ್ರಾಣ ಹೋಗದೆ, ಸಮಾಧಾನವೊಂದು ದೊರೆಯಿತು. ಆದರೆ ಅವರಿಗಿಂತ ಮುಂಚೆಯೇ, 1209ರಲ್ಲಿ, ಜನ್ನನು ಬರೆದ ‘ಯಶೋಧರ ಚರಿತೆ’ಯಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರಿಕೆಯಿದೆ: ಚಂಡಮಾರಿಗೆ ಬಲಿಯಾಗಿ ಹಿಟ್ಟಿನ ಕೋಳಿಯನ್ನು ಕತ್ತರಿಸಿದ ಯಶೋಧರನೂ ಅವನ ತಾಯಿಯೂ ಆ ಸಂಕಲ್ಪಹಿಂಸೆಯ ಕಾರಣದಿಂದಲೇ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೈಯಲ್ಲಿದ್ದುದು ಹಿಟ್ಟು, ಮನಸ್ಸಿನಲ್ಲಿದ್ದುದು ಕೊಲೆ. ಈ ಎರಡು ನಿಲುವುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕಾಗಿಲ್ಲ. ಹಿಟ್ಟಿನಿಂದ ಸಾಧ್ಯವಾಗುವಲ್ಲಿ ಪ್ರಾಣವನ್ನು ತೆಗೆಯಬಾರದು ಎಂಬುದು ಒಂದು. ಹಿಟ್ಟನ್ನು ಹಿಡಿದಾಗಲೂ ಮನಸ್ಸು ಎಚ್ಚರವಾಗಿರಬೇಕು ಎಂಬುದು ಇನ್ನೊಂದು.

ಆಧುನಿಕ ರೋಗನಿರೋಧಶಾಸ್ತ್ರವು ತನ್ನ ಹಿಟ್ಟಿನ ಪಶುವನ್ನು ಕಂಡುಕೊಂಡ ಕಥೆ ಕೇಳತಕ್ಕದ್ದು. 1962ರಲ್ಲಿ ಜಪಾನಿನ ಚೀಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಕೋತಿಯೊಂದರ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಯಿಸಿದರು. ವೀರೋ ಎಂದು ಹೆಸರಾದ ಆ ಕೋಶಗಳು ಅಂದಿನಿಂದ ಇಂದಿನವರೆಗೆ ವೃದ್ಧಿಯಾಗುತ್ತಲೇ ಇವೆ. ಒಂದು ಪ್ರಯೋಗಶಾಲೆಯಿಂದ ಇನ್ನೊಂದಕ್ಕೆ ಹಂಚಿಹೋಗಿ ಜಗತ್ತಿನಲ್ಲೆಲ್ಲ ಅಸಂಖ್ಯಾತ ಲಸಿಕೆಗಳಿಗೆ ಆಧಾರವಾಗಿವೆ. ನಮ್ಮ ಕುರಿಗಳ ಹಿರೇಬೇನೆಗೆ, ಅಂದರೆ ಪಿ.ಪಿ.ಆರ್. ರೋಗಕ್ಕೆ, ಭಾರತದಲ್ಲಿ ಸಿದ್ಧವಾದ ಲಸಿಕೆಯ ವಿಷಾಣು ಹಿಮಾಚಲ ಪ್ರದೇಶದ ಸುಂಗ್ರಿಯೆಂಬ ಊರಿನ ಆಡೊಂದರಿಂದ ಬಂದುದು. ಅದನ್ನು ಮುಕ್ತೇಶ್ವರದಲ್ಲಿ ಈ ವೀರೋ ಕೋಶಗಳಲ್ಲಿಯೇ ಬೆಳೆಯಿಸಿ ಸೌಮ್ಯಗೊಳಿಸಿದರು. ಅದಕ್ಕೂ ಹಿಂದೆ, 1987ರಲ್ಲಿ ತಮಿಳುನಾಡಿನ ಕುರಿಗಳಲ್ಲಿ ಕಂಡ ಸಾವು ದೊಡ್ಡರೋಗದಿಂದಲ್ಲ, ಅದರ ದಾಯಾದಿಯಾದ ಈ ಬೇರೆ ರೋಗದಿಂದ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಅವರ ಸಂಗಡಿಗರು ಗುರುತಿಸಿ 1989ರಲ್ಲಿ ಪ್ರಕಟಿಸಿದ್ದರು. ಇಂದು ಹೆಬ್ಬಾಳದ ಅದೇ ಹಳೆಯ ಸೀರಂ ಸಂಸ್ಥೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೆಂಬ ಹೆಸರಿನಿಂದ, ಈ ಲಸಿಕೆಯನ್ನು ತಯಾರಿಸುತ್ತಿದೆ. ಶಿರಾದ ರೊಪ್ಪದಲ್ಲಿ ನಿಂತ ಒಂದು ಕುರಿಮರಿಯ ಚರ್ಮದ ಕೆಳಗೆ ಇಳಿಯುವ ಒಂದು ಮಿಲಿಲೀಟರ್ ದ್ರವದಲ್ಲಿ ಆಫ್ರಿಕದ ಕೋತಿಯ, ಹಿಮಾಚಲದ ಆಡಿನ, ಜಪಾನಿನ, ಮುಕ್ತೇಶ್ವರದ, ಬೆಂಗಳೂರಿನ ಪಾಲುಗಳು ಕೂಡಿಕೊಂಡಿವೆ. ಆ ಕುರಿಮರಿ ಬದುಕಿದರೆ ಅದು ಯಾರ ಕರ್ಮದ ಫಲ?

ಇಂಥ ಕರ್ಮಕ್ಕೆ ಸಮನಾದುದು ನಮ್ಮ ಶ್ರೌತಪರಂಪರೆಯಲ್ಲಿ ಒಂದುಂಟು. ಸಾಮಾನ್ಯ ಯಜ್ಞದಲ್ಲಿ ಯಜಮಾನನೊಬ್ಬನು, ಋತ್ವಿಜರು ಹಲವರು. ಋತ್ವಿಜರು ದಕ್ಷಿಣೆ ಪಡೆದು ಹೋಗುವರು, ಫಲ ಯಜಮಾನನದು. ಸತ್ರವೆಂಬ ದೀರ್ಘಯಾಗದಲ್ಲಾದರೋ ಹೀಗಲ್ಲ. ಅಲ್ಲಿ ಹದಿನೇಳರಿಂದ ಇಪ್ಪತ್ತನಾಲ್ಕು ಮಂದಿ ತಮ್ಮತಮ್ಮ ಅಗ್ನಿಗಳನ್ನು ಒಂದುಗೂಡಿಸಿ, ಎಲ್ಲರೂ ದೀಕ್ಷೆ ವಹಿಸಿ, ಎಲ್ಲರೂ ಋತ್ವಿಜರೂ ಎಲ್ಲರೂ ಯಜಮಾನರೂ ಆಗಿ ನಡೆಯುವರು. ಒಬ್ಬನು ಗೃಹಪತಿಯೆನಿಸಿಕೊಂಡರೂ ಫಲದಲ್ಲಿ ಅವನಿಗೆ ಹೆಚ್ಚಿನ ಪಾಲಿಲ್ಲ. ದಕ್ಷಿಣೆಯಿಲ್ಲ, ತನಗೆ ತಾನೇ ಯಾರು ದಕ್ಷಿಣೆ ಕೊಟ್ಟಾನು? ಫಲ ಕರ್ತೃವಿಗೇ ಸಲ್ಲುವುದೆಂಬ ಮೀಮಾಂಸಕರ ನಿಯಮ ಇಲ್ಲಿಯೂ ಮುರಿಯಲಿಲ್ಲ. ಕರ್ತೃವೇ ಹಲವರಾದರು, ಅಷ್ಟೆ. ಆದಿಯಲ್ಲಿ ಎತ್ತಿದ ಪ್ರಶ್ನೆಗೆ ನನಗೆ ಕಾಣುವ ಉತ್ತರದ ಬೀಜ ಇಲ್ಲಿದೆ.

ಬೆಂಗಳೂರಿನ ವಿಜ್ಞಾನಸಂಸ್ಥೆಗಳಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದುಬಂದಿರುವ ಸಾಮೂಹಿಕ ಪ್ರಯೋಗಸೌಕರ್ಯಗಳನ್ನು ಈ ದೃಷ್ಟಿಯಿಂದ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ, ಅದರ ಮಗ್ಗುಲಿನಲ್ಲಿ 2009ರಲ್ಲಿ ಸ್ಥಾಪಿತವಾದ ಸಿ-ಕ್ಯಾಂಪ್ ಎಂಬ ಸಂಸ್ಥೆಯಲ್ಲಿಯೂ ಬೆಲೆಬಾಳುವ ಯಂತ್ರಗಳು ಒಬ್ಬ ಪ್ರಾಧ್ಯಾಪಕರ ಕೋಣೆಯ ಸ್ವತ್ತಾಗಿ ಉಳಿಯದೆ ಎಲ್ಲರಿಗೂ ತೆರೆದಿವೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ರಕ್ತದ ಕೋಶಗಳು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾದುಹೋಗುತ್ತವೆ. ಬಣ್ಣ ಹಚ್ಚಿದ ಪ್ರತಿಕಾಯಗಳು ಅಂಟಿಕೊಂಡ ಕೋಶವು ಮಿನುಗಿ, ತಾನು ಯಾವ ಬಗೆಯದು, ಹೋರಾಟಕ್ಕೆ ಎಚ್ಚತ್ತಿದೆಯೆ ಇಲ್ಲವೆ ಎಂಬುದನ್ನು ತಿಳಿಸುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಕೋಶಗಳ ಪರೀಕ್ಷೆ ಮುಗಿಯುತ್ತದೆ. ಕ್ಷಯದ ಕ್ರಿಮಿಯಂಥ ಅಪಾಯಕರ ಜೀವಿಗಳು ಹೊರಕ್ಕೆ ಸುಳಿಯದಂತೆ ಗಾಳಿಯನ್ನೇ ಬಿಗಿಹಿಡಿದ ಭದ್ರಕೊಠಡಿಗಳಿವೆ. ಪ್ರಾಣಿಗಳನ್ನು ಸಾಕುವ ಸಾಮೂಹಿಕ ಗೃಹಗಳಿವೆ. ಯಲಹಂಕದಲ್ಲಿ ಪಶುರೋಗಗಳ ವ್ಯಾಪ್ತಿಯನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆಯೊಂದು ಹಳ್ಳಿಹಳ್ಳಿಗಳ ಪಶುಗಳ ಸೀರಂ ಮಾದರಿಗಳನ್ನು ಪರೀಕ್ಷಿಸಿ ಕಾಪಿಡುತ್ತದೆ. ಇದನ್ನೆಲ್ಲ ಖರ್ಚಿನ ಉಳಿತಾಯವೆಂದು ಆಡಳಿತದವರು ವಿವರಿಸುತ್ತಾರೆ. ಆ ವಿವರಣೆ ಸರಿಯಾದದ್ದು, ಆದರೆ ಸಾಲದು. ಹತ್ತು ಕೋಣೆಗಳಲ್ಲಿ ಹತ್ತು ಮಂದಿ ಬೇರೆಬೇರೆಯಾಗಿ ಇಲಿಗಳನ್ನು ಸಾಕಿದರೆ ಬೇಡವಾದ ಇಲಿಗಳು ಹುಟ್ಟಿ ಸಾಯುತ್ತವೆ. ರೋಗ ಹತ್ತಿದ ಇಲಿಯಿಂದ ತಪ್ಪು ಫಲಿತಾಂಶ ಬಂದು ಪ್ರಯೋಗವನ್ನು ಮತ್ತೆ ಮಾಡಬೇಕಾಗುತ್ತದೆ. ಒಬ್ಬನಿಗೆ ಗುಲ್ಮ ಬೇಕಾಗಿ, ಇನ್ನೊಬ್ಬನಿಗೆ ಶ್ವಾಸಕೋಶ ಬೇಕಾಗಿ ಎರಡು ಪ್ರಾಣಗಳು ಹೋಗುವಲ್ಲಿ, ಒಂದೇ ಸೂರಿನಡಿ ಕೆಲಸ ಮಾಡುವವರು ಒಂದು ಪ್ರಾಣದಿಂದ ಎರಡನ್ನೂ ಪಡೆಯಬಲ್ಲರು. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು ಪ್ರಾಣಿಪ್ರಯೋಗಕ್ಕೆ ಬದಲನ್ನು ಹುಡುಕುವುದು, ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು ಎಂಬ ಮೂರು ನಿಯಮಗಳನ್ನು ಹೇಳಿದರು. ಮರುವರ್ಷ ನಮ್ಮ ದೇಶದಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು ಬಂದು, ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಗೆ ಅದರಲ್ಲಿಯೇ ಅವಕಾಶವಾಯಿತು. ಹಂಚಿಕೊಳ್ಳುವುದರಿಂದ ಉಳಿಯಬಹುದಾಗಿದ್ದ ಒಂದು ಪ್ರಾಣ ಹಂಚಿಕೊಳ್ಳದುದರಿಂದ ಹೋದರೆ, ಆ ವಧೆಗೆ ಯಾವ ಶಾಸ್ತ್ರದಲ್ಲಿಯೂ ಸಮರ್ಥನೆಯಿಲ್ಲ. ಪ್ರಯೋಗಶಾಲೆಯ ಸಾಮೂಹಿಕತೆಯನ್ನು ನಾನು ಧರ್ಮವೆನ್ನುವುದು ಈ ಅರ್ಥದಲ್ಲಿ.

ಸತ್ರಿಗಳಲ್ಲೊಬ್ಬನು ನಡುವೆ ತೀರಿಕೊಂಡರೆ ಸಂಖ್ಯೆ ತುಂಬುವುದಕ್ಕಾಗಿ ಇನ್ನೊಬ್ಬನನ್ನು ಕರೆದುಕೊಳ್ಳಬಹುದೆ ಎಂದು ಮೀಮಾಂಸಕರು ವಿಚಾರಿಸಿದ್ದಾರೆ. ಕರೆದುಕೊಳ್ಳಬಹುದು, ಅವನಿಗೆ ಕರ್ಮದಲ್ಲಿ ಭಾಗವುಂಟು, ಫಲದಲ್ಲಿಲ್ಲ ಎಂದು ಅವರ ನಿರ್ಣಯ. ಇಲ್ಲಿ ಮಾತ್ರ ನಾನು ಅವರೊಡನೆ ಹೋಗಲಾರೆ. ಪ್ರಾಣಿಗೃಹದಲ್ಲಿ ಬೆಳಗ್ಗೆ ನೀರಿಟ್ಟು, ಹಾಸನ್ನು ಬದಲಿಸಿ, ಸೊರಗಿದ ಇಲಿಯನ್ನು ಮೊದಲು ಗುರುತಿಸುವ ಕೆಲಸಗಾರನ ಹೆಸರು ಯಾವ ಲೇಖನದಲ್ಲಿಯೂ ಬರುವುದಿಲ್ಲ; ಅವನ ಕರುಣೆ ಕಡಿಮೆಯಾದ ದಿನ ಆ ಪ್ರಯೋಗದ ಸತ್ಯವೂ ಕಡಿಮೆಯಾಗುವುದು. ಅವನಿಗೆ ಕರ್ಮದ ಭಾಗವನ್ನು ಕೊಟ್ಟು ಫಲದ ಭಾಗವನ್ನು ತಡೆಹಿಡಿಯುವುದು ಶಾಸ್ತ್ರಸಮ್ಮತವಾದರೂ ನ್ಯಾಯವಲ್ಲ.

ಹಂಚುವ ಬುದ್ಧಿಗೆ ವಿಜ್ಞಾನದ ಚರಿತ್ರೆಯಲ್ಲಿಯೇ ಉನ್ನತವಾದ ನಿದರ್ಶನವಿದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಪಡೆಯುವ ಕ್ರಮವನ್ನು ಕಂಡುಹಿಡಿದರು. ಅದಕ್ಕೆ ಏಕಸ್ವಾಮ್ಯದ ಹಕ್ಕನ್ನು ಪಡೆಯಲಿಲ್ಲ. ಕೇಳಿದವರಿಗೆ ಕೋಶಗಳನ್ನು ಕೊಟ್ಟರು. ನಮ್ಮ ಕುರಿಗಳ ರಕ್ತದಲ್ಲಿ ಹಿರೇಬೇನೆಯ ವಿರುದ್ಧ ರಕ್ಷೆಯುಂಟೆ ಎಂದು ನೋಡುವ ಎಲೈಸಾ ಪರೀಕ್ಷೆಗಳೂ ಅದೇ ವಿದ್ಯೆಯನ್ನು ಆಶ್ರಯಿಸಿವೆ.

ಹೀಗೆ ಹಲವರ ಕರ್ಮ ಒಂದುಗೂಡುವುದು ಪಶುಗಳ ರೋಗದಲ್ಲಿ ಮಾತ್ರವಲ್ಲ, ಮನುಷ್ಯರ ರೋಗದಲ್ಲಿಯೂ ಉಂಟು. ಪಾವಗಡದಲ್ಲಿ ಶ್ರೀರಾಮಕೃಷ್ಣ ಸೇವಾಶ್ರಮವು ಸ್ವಾಮಿ ಜಪಾನಂದಜಿಯವರ ನೇತೃತ್ವದಲ್ಲಿ ದಶಕಗಳಿಂದ ಕುಷ್ಠ ಮತ್ತು ಕ್ಷಯ ರೋಗಿಗಳ ಸೇವೆಯನ್ನು ನಡೆಸಿಕೊಂಡು ಬಂದಿದೆ. ಕುಷ್ಠದ ಕ್ರಿಮಿ ವಿಚಿತ್ರವಾದದ್ದು. ಅದು ಯಾವ ಗಾಜಿನ ಪಾತ್ರೆಯಲ್ಲಿಯೂ ಬೆಳೆಯದು. 1960ರಲ್ಲಿ ಅದನ್ನು ಇಲಿಯ ಪಾದದಲ್ಲಿಯೂ, 1971ರಲ್ಲಿ ಅಮೆರಿಕದ ಆರ್ಮಡಿಲೋ ಎಂಬ ಚಿಪ್ಪಿನ ಮೈಯ ಪ್ರಾಣಿಯಲ್ಲಿಯೂ ಬೆಳೆಯಿಸಿದ ಮೇಲೆಯೇ ಔಷಧಗಳ ಪರೀಕ್ಷೆ ಮುಂದುವರಿಯಿತು. ಒಂದೇ ಕ್ರಿಮಿ ಒಬ್ಬನ ಚರ್ಮದಲ್ಲಿ ಒಂದೆರಡು ಮಚ್ಚೆಗಳನ್ನು ಮಾತ್ರ ಮೂಡಿಸಿ, ಇನ್ನೊಬ್ಬನ ಮೈಯನ್ನೆಲ್ಲ ವ್ಯಾಪಿಸುವುದು. ಭೇದವಿರುವುದು ಕ್ರಿಮಿಯಲ್ಲಿ ಅಲ್ಲ, ಅದಕ್ಕೆ ದೇಹವು ಕೊಡುವ ಉತ್ತರದಲ್ಲಿ. ಪೂರ್ವಜನ್ಮದ ಪಾಪವೆಂದು ಊರಿನಿಂದಾಚೆ ನೂಕಲ್ಪಟ್ಟವರು ಇಂದು ಔಷಧದಿಂದ ಗುಣವಾಗಿ ಮನೆಯಲ್ಲಿಯೇ ಬಾಳುತ್ತಿರುವರೆಂದರೆ, ಅವರ ಪಾಲಿಗೆ ಕರ್ಮಫಲದ ಲೆಕ್ಕವನ್ನು ಮಾರ್ಪಡಿಸಿದವರಲ್ಲಿ ಸಂನ್ಯಾಸಿಗಳೂ ಇದ್ದಾರೆ, ವಿಜ್ಞಾನಿಗಳೂ ಇದ್ದಾರೆ, ಮಾತಿಲ್ಲದ ಆ ಪ್ರಾಣಿಗಳೂ ಇವೆ.

ಈಗ ಹಟ್ಟಿಗೆ ಹಿಂದಿರುಗಬೇಕು. ಲಸಿಕೆಯ ದಿನ, ತಣ್ಣನೆಯ ಪೆಟ್ಟಿಗೆಯನ್ನು ಹಿಡಿದು ಪಶುವೈದ್ಯರು ರೊಪ್ಪದ ಬಾಗಿಲಲ್ಲಿ ನಿಂತಾಗ, ಹಿರಿಯ ಕುರಿಗಾರರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು: “ನಮ್ ಮಂದೇಲಿ ಬ್ಯಾನೆ ಇಲ್ವಲ್ಲ ಸ್ವಾಮಿ, ಇವ್ಕೆ ಯಾಕೆ ಸೂಜಿ? ಗಬ್ಬದ ಕುರಿ ಅವೆ.” ವೈದ್ಯರ ಉತ್ತರವೂ ಒಂದೇ ಬಗೆಯದು: “ನಿಮ್ ಮಂದೆಗಷ್ಟೇ ಅಲ್ಲ ಅಜ್ಜ, ಪಕ್ಕದ ಹಟ್ಟೀಗೂ ಸೇರಿಸೇ ಹಾಕೋದು.” ಈ ಎರಡು ಮಾತುಗಳ ನಡುವೆ, ನಾನು ಮೇಲೆ ಉದ್ದುದ್ದವಾಗಿ ಬರೆದ ತತ್ತ್ವವಿಚಾರವೆಲ್ಲ ಅಡಗಿದೆ. ಮಂದೆಯ 100 ಕುರಿಗಳಲ್ಲಿ 70ರಿಂದ 80 ಕುರಿಗಳ ಮೈಯಲ್ಲಿ ರಕ್ಷೆಯಿದ್ದರೆ ಬೇನೆ ಹರಡಲು ದಾರಿಯಿಲ್ಲದೆ ನಿಲ್ಲುವುದೆಂದು ತಜ್ಞರು ಲೆಕ್ಕಹಾಕಿದ್ದಾರೆ. ಉಳಿದ ಎಳೆಯ ಮರಿಗಳು, ಬಳಲಿದ ಕುರಿಗಳು ಸೂಜಿಯಿಲ್ಲದೆಯೂ ಬದುಕುವುವು. ಒಂದು ಕುರಿಯ ಮೈಯೊಳಗೆ ನಡೆದ ಕರ್ಮ ಇನ್ನೊಂದು ಕುರಿಯ ಪ್ರಾಣವನ್ನು ಕಾಯುವುದು ಇಲ್ಲಿ ನಂಬಿಕೆಯ ವಿಷಯವಲ್ಲ, ಎಣಿಸಿ ನೋಡಬಹುದಾದ ಸಂಗತಿ. ಪ್ರತಿ ಜೀವನೂ ತನ್ನ ಕರ್ಮವನ್ನು ತಾನೇ ಉಣ್ಣುವನೆಂಬ ಮಾತಿಗೆ ಅಂತರಂಗದ ಸಾಧನೆಯಲ್ಲಿ ನಾನು ತಲೆಬಾಗುವೆನು. ರೋಗ ಮತ್ತು ರಕ್ಷೆಯ ಲೋಕದಲ್ಲಿ ಮಾತ್ರ ನಾವೆಲ್ಲರೂ ಒಂದೇ ಸತ್ರದಲ್ಲಿ ದೀಕ್ಷೆ ವಹಿಸಿದವರು. ದೀಕ್ಷೆ ಬೇಡವೆಂದು ಹೊರಗೆ ನಿಲ್ಲುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಏಕೆಂದರೆ ಹೊರಗೆ ನಿಂತವನ ಮಂದೆಯಿಂದಲೇ ಬೇನೆ ಮತ್ತೆ ಒಳಗೆ ಬರುವುದು.

ಹೀಗಿರುವಾಗ ಋಣದ ಲೆಕ್ಕವನ್ನು ಎರಡು ಕಡೆಯೂ ತೆರೆಯಬೇಕಾಗುತ್ತದೆ. ಹಟ್ಟಿಯು ಪ್ರಯೋಗಶಾಲೆಗೆ ಋಣಿ ಎಂಬುದು ಸ್ಪಷ್ಟ. ಪ್ರಯೋಗಶಾಲೆ ಹಟ್ಟಿಗೆ ಋಣಿ ಎಂಬುದನ್ನು ಅಷ್ಟು ಸುಲಭವಾಗಿ ಯಾರೂ ಹೇಳುವುದಿಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣೆ, ಅಣುಶಕ್ತಿ, ವಿಜ್ಞಾನ ಮುಂತಾದ ಸಂಸ್ಥೆಗಳಿಗೆ ಕೊಟ್ಟಾಗ, ಅದರಲ್ಲಿ 1,500 ಎಕರೆ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂದಿತು. ಅದು ತಲೆತಲಾಂತರದಿಂದ ಸುತ್ತಲಿನ ಕುರಿದನಗಳು ಮೇದ ಹುಲ್ಲುಗಾವಲು. ಕುರಿಗಾರರ ಅಳಲು ಹಸಿರು ನ್ಯಾಯಪೀಠದವರೆಗೂ ಹೋಯಿತು. ವಿಜ್ಞಾನಕ್ಕೆ ನೆಲ ಬೇಡವೆಂದು ನಾನು ಹೇಳುವುದಿಲ್ಲ. ಒಬ್ಬರ ಸಾಮೂಹಿಕ ಸಂಪತ್ತಿನ ಮೇಲೆ ಇನ್ನೊಬ್ಬರ ಸಾಮೂಹಿಕ ಸಂಪತ್ತು ನಿಂತಿರುವಾಗ, ಮೇಲಿನವರು ಕೆಳಗಿನವರನ್ನು ಸತ್ರದ ಹೊರಗಿನವರೆಂದು ಎಣಿಸುವುದು ಅಧರ್ಮವೆಂದು ಮಾತ್ರ ಹೇಳುವೆನು. ರಕ್ತದ ಮಾದರಿಗಳ ವಿಷಯವೂ ಹೀಗೆಯೇ. ಕುರಿಯ ಕತ್ತಿನಿಂದ ತೆಗೆದ ಐದು ಮಿಲಿಲೀಟರ್ ರಕ್ತ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಅಂಕಿಯಾಗಿ ವರದಿಗೆ ಹೋಗುತ್ತದೆ, ವರದಿ ಇಂಗ್ಲಿಷಿನಲ್ಲಿ ದೆಹಲಿಗೆ ಹೋಗುತ್ತದೆ. ಕುರಿಯನ್ನು ಹಿಡಿದು ನಿಂತವನಿಗೆ ಅದರಿಂದ ತಿಳಿದುಬಂದುದೇನೆಂಬುದನ್ನು ಬಂದು ಹೇಳುವವರು ವಿರಳ.

ಹಿರೇಬೇನೆಯನ್ನು 2030ರೊಳಗೆ ಭೂಮಿಯಿಂದ ನಿರ್ಮೂಲಮಾಡಬೇಕೆಂದು ಜಗತ್ತಿನ ರಾಷ್ಟ್ರಗಳು ಸಂಕಲ್ಪಿಸಿವೆ. ದೊಡ್ಡರೋಗದ ಅನಂತರ ಪಶುಲೋಕದಲ್ಲಿ ಇದು ಎರಡನೆಯ ಮಹಾಸತ್ರ. ಆದಕಾರಣ ಈ ನಾಲ್ಕು ತಾಲ್ಲೂಕುಗಳ ಕುರಿಗಾರರಲ್ಲಿ ನನ್ನ ವಿನಂತಿ ಇಷ್ಟು: ಲಸಿಕೆಯವರು ಬಂದ ದಿನ ಒಂದು ಕುರಿಯನ್ನೂ ಮರೆಯಲ್ಲಿ ನಿಲ್ಲಿಸಬೇಡಿ, ವಲಸೆ ಹೋದ ಮಂದೆಗಳಿಗೆ ಸೂಜಿ ಬಿದ್ದಿದೆಯೆ ಎಂದು ಹಿಂದಿರುಗಿದಾಗ ಕೇಳಿಕೊಳ್ಳಿ. ಹೆಬ್ಬಾಳ, ಯಲಹಂಕ, ಮಲ್ಲೇಶ್ವರಗಳ ವಿಜ್ಞಾನಿಗಳಲ್ಲಿಯೂ ಒಂದು ವಿನಂತಿಯುಂಟು: ಹಟ್ಟಿಯಿಂದ ತಂದ ರಕ್ತವು ಏನು ಹೇಳಿತೆಂಬುದನ್ನು ಒಂದು ಹಾಳೆಯ ಕನ್ನಡದಲ್ಲಿ ಬರೆದು, ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ, ಅದೇ ಹಟ್ಟಿಗೆ ಕಳುಹಿಸಿರಿ.